ಸೆರಗಿಗೆ ಸಿಕ್ಕ ಗ್ಯಾಲಕ್ಸಿ

ಸೇಡಂನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಯಾವುದನ್ನೂ ಒರೆಸದೆ ಮುಟ್ಟುತ್ತಿರಲಿಲ್ಲ. ಸಿಮೆಂಟಿನ ಧೂಳು ಇಳಿಯುವ ಊರಿನಲ್ಲಿ ಎಲ್ಲರಿಗೂ ಆ ರೂಢಿ ಇದೆ. ಅವರಿಗೆ ಅದೊಂದು ಹಟ. ನಾನು ಕುರ್ಚಿ ಎಳೆದುಕೊಂಡರೆ ಸಾಕು, "ತಡೀರಿ ಸರ, ಒರಸ್ತೀನಿ" ಎಂದು ಸೆರಗಿನ ತುದಿ ಹಿಡಿದು ಬರುತ್ತಿದ್ದರು. ತುಳಸಿಯ ಎಲೆಗಳನ್ನೂ ಬಿಡುತ್ತಿರಲಿಲ್ಲ.

ಒಂದು ಚಳಿಗಾಲದ ಸಂಜೆ ಎರಡೂ ಮನೆಯವರು ಚಂದ್ರಂಪಳ್ಳಿ ಡ್ಯಾಮಿಗೆ ಹೋಗಿದ್ದೆವು. ಕತ್ತಲಾದ ಮೇಲೆ ನನ್ನ ಸಣ್ಣ ಟೆಲಿಸ್ಕೋಪನ್ನು ಆಂಡ್ರೊಮಿಡಾ ಗ್ಯಾಲಕ್ಸಿಯ ಕಡೆ ತಿರುಗಿಸಿ ಅಕ್ಕನನ್ನು ಕರೆದೆ. ಫೋಟೋದಲ್ಲಿ ಅದು ಜಿಲೇಬಿಯಂಥ ಸುರುಳಿ. ಟೆಲಿಸ್ಕೋಪಿನ ಗಾಜಿಗೆ ಕಣ್ಣಿಟ್ಟರೆ ಕಾಣುವುದು ಬೆಳ್ಳನೆಯ ಒಂದು ಮಸುಕು ಮಾತ್ರ.

"ತಡೀರಿ ಸರ, ಧೂಳ ಕುಂತದ" ಎಂದವರೇ ಗಾಜನ್ನು ಸೆರಗಿನಿಂದ ತಿಕ್ಕಿ ಮತ್ತೆ ನೋಡಿದರು. "ಈಗ ಸ್ವಚ್ಛ ಆತ್ ನೋಡ್ರಿ."

ತಿಕ್ಕುವಾಗ ಟೆಲಿಸ್ಕೋಪು ಅಲುಗಿ ಗ್ಯಾಲಕ್ಸಿ ತಪ್ಪಿಹೋಗಿತ್ತು.

"ಅಕ್ಕ, ಅದು ಧೂಳಲ್ಲ. ಲೆಕ್ಕ ಇಲ್ದಷ್ಟು ಚುಕ್ಕಿ ಕೂಡಿ ಹಂಗ ಕಾಣ್ತಾವ" ಎಂದೆ.

ಅವರ ದನಿ ಇಳಿಯಿತು. "ಅಯ್ಯ, ಅಷ್ಟೂ ನಾ ಕಳದೆನೇನ್ರಿ?"

ಹುಡುಕಿ ಮತ್ತೆ ತೋರಿಸಿದೆ. ಈ ಸಲ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ.

ಆಮೇಲೆ ಅವರ ಯಜಮಾನರು ಬಂದು ನೋಡಿದರು. ನೋಡಿ, ಜೇಬಿನಿಂದ ಕರವಸ್ತ್ರ ತೆಗೆದರು. ಅಕ್ಕ ಚಟ್ಟನೆ ಅವರ ಕೈ ಹಿಡಿದರು.

"ಒರಸಬ್ಯಾಡ್ರಿ" ಎಂದರು. "ಅದು ಹಂಗೇ ಇರ್ಲಿ."