ತಂಗಿಯ ಮನೆಗೆ ಎರಡು ಬಸ್ಸು

ಬಿಸಿಲೇರುವ ಮುಂಚೆ ದಟ್ಟಗಳ್ಳಿಯಿಂದ ಹೊರಟೆ. ಮಂಡಿ ಮೊಹಲ್ಲಾಕ್ಕೆ ಎರಡು ಬಸ್ಸು ಹಿಡಿಯಬೇಕು. ಹೆಂಗಸರು ಈಗ ಬಸ್ಸಿಗೆ ಕಾಸು ಕೊಡಬೇಕಿಲ್ಲ.

ತಂಗಿ ಜಯಮ್ಮನ ಮಗಳು ಸುಮಾ ಬೆಳಿಗ್ಗೆ ಫೋನ್ ಮಾಡಿದ್ದಳು. "ದೊಡ್ಡಮ್ಮ, ಡಾಕ್ಟ್ರು ಗಿವ್ ಅಪ್ ಮಾಡಿದ್ರು. ಅಮ್ಮನ್ನ ಮನೆಗೆ ಕರ್ಕೊಂಡು ಬಂದ್ಬುಟ್ವಿ. ಬಂದು ನೋಡ್ಕೊಂಡೋಗಿ" ಅಂದಳು. ನಾನು ಓದಿದ್ದು ಮೂರನೇ ಕ್ಲಾಸು. ಇಂಗ್ಲಿಷು ಈಚೆಗೆ ಮೊಮ್ಮಗಳು ಕಲಿಸಿದಷ್ಟು. ಗೆಟ್ ಅಪ್ ಅಂದರೆ ಏಳು, ಸ್ಟ್ಯಾಂಡ್ ಅಪ್ ಅಂದರೆ ಎದ್ದು ನಿಲ್ಲು. ಅಪ್ ಇದ್ದ ಕಡೆ ಏಳುವುದೇ. ಅಂತೂ ಆಸ್ಪತ್ರೆಯವರು ಎಬ್ಬಿಸಿ ಕೊಟ್ಟರು ಎಂದುಕೊಂಡೆ.

ಅವಸರವಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿಳಿದು ಮಾರ್ಕೆಟ್ಟಿಗೆ ಹೋದೆ.

"ಯಾರಿಗಜ್ಜಿ ಹೂವ?" ಅಂದಳು ಮಲ್ಲಿಗೆಯವಳು.

"ತಂಗಿಗೆ. ಕಾಯ್ಲೆ ಬಿದ್ದಿದ್ಲು, ಎದ್ಲು."

"ಅಂಗಾದ್ರೆ ಇನ್ನೊಂದು ಮೊಳ ತಕಳಿ."

"ಅವಳ ಜಡೇನೇ ಗೇಣುದ್ದ. ಸಾಕು ಬುಡು."

ಎರಡನೇ ಬಸ್ಸಿಳಿದು, ಮೂಟೆ ಇಳಿಸುತ್ತಿದ್ದ ಗಾಡಿಗಳ ಸಂದಿಯಲ್ಲಿ ನುಸುಳಿ ತಂಗಿಯ ಮನೆ ಸೇರಿದೆ. ಬಾಗಿಲಲ್ಲಿ ಸುಮಾ ನನ್ನ ಮುಖವನ್ನೂ ಹೂವನ್ನೂ ನೋಡಿದಳು.

"ಇದೇನು ದೊಡ್ಡಮ್ಮ?"

"ಎದ್ದವಳಿಗೆ ಮುಡಿಸೋಕೆ."

ಅವಳು ನನ್ನನ್ನು ಬಚ್ಚಲ ಕಡೆ ಎಳೆದುಕೊಂಡು ಹೋದಳು. "ಗಿವ್ ಅಪ್ ಅಂದ್ರೆ ಕೈಬಿಟ್ರು ಅಂತ. ಅಮ್ಮ ಪಕ್ಕದಲ್ಲೇ ಇದ್ಲು, ತಿಳೀಬಾರ್ದು ಅಂತ ಇಂಗ್ಲಿಷಲ್ಲಂದೆ."

ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ. ಎರಡೂ ಒಳ್ಳೆಯ ಮಾತೇ. ಸೇರಿದರೆ ಕೈಬಿಡುವುದಂತೆ. ಅದೆಂಥ ಭಾಷೆಯೋ.

ಜಯಮ್ಮ ಹಾಸಿಗೆಯಲ್ಲಿ ಮಡಿಸಿಟ್ಟ ಸೀರೆಯಷ್ಟಿದ್ದಳು. ನನ್ನನ್ನು ಕಂಡದ್ದೇ ಕೇಳಿದಳು: "ಅಕ್ಕ, ಫೋನಲ್ಲಿ ಇವಳು ಗಿವ್ ಅಪ್ ಅಂದ್ಲಲ್ಲ, ಅಂಗಂದ್ರೇನು? ಇಂಗ್ಲಿಷ್ ಕಲೀತಿದೀನಿ ಅಂತ ಜಂಬ ಕೊಚ್ತಿದ್ಯಲ್ಲ, ಹೇಳು ನೋಡಾಣ."

"ಅಪ್ ಅಂದ್ರೆ ಏಳೋದು ಕಣೆ. ಡಾಕ್ಟ್ರು ನಿನ್ನ ಎಬ್ಬಿಸಿ ಕಳಿಸವ್ರೆ."

ಸುಮಾ ಕಾಫಿ ತರುತ್ತೇನೆಂದು ಒಳಗೆ ಹೋದಳು.

"ಎದ್ಮೇಲೆ ಮೊದ್ಲು ನಿಮ್ಮನೇಗೇ ಬರ್ತೀನಿ. ದಾರಿ ಹೇಳು" ಅಂದಳು ಜಯಮ್ಮ.

ಹೇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಾಯಿಸು. ಕಿಟಕಿ ಪಕ್ಕ ಕೂತುಕೋ, ಗಾಳಿ ಬರುತ್ತದೆ. ನೀರಿನ ಟ್ಯಾಂಕು ಕಂಡ ತಕ್ಷಣ ಇಳಿ. ಅವಳು ಇನ್ನೊಂದು ಸಲ ಹೇಳಿಸಿಕೊಂಡಳು. ಹೂ ಮುಡಿಸಿದೆ. ಜಡೆಗೆ ಅಷ್ಟೂ ಹೆಚ್ಚಾಯಿತು.

ಸಂಜೆ ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿಯಿತ್ತು. ನಾನು ಈಚೆ ತುದಿಯಲ್ಲಿ ಕೂತೆ.

"ಅಜ್ಜಿ, ಒಳಕ್ಕೆ ಸರ್ಕೊಳಿ, ಜನ ನಿಂತವ್ರೆ" ಅಂದ ಕಂಡಕ್ಟರ್.

ಸರಿದೆ.