ತಟ್ಟೆಯಡಿಯ ಮೇಣ

ನಮ್ಮ ಭಾವ ಹಣ್ಣಿನ ಅಂಗಡಿಯಲ್ಲಿ ತಕ್ಕಡಿಯ ತಟ್ಟೆಯಡಿ ಕೈಯಾಡಿಸದೆ ಏನನ್ನೂ ಕೊಂಡವರಲ್ಲ. ಇವರ ತಲೆ ಕಂಡರೆ ಸಾಕು, ಅಂಗಡಿಯವನು ತಾನೇ ತಟ್ಟೆ ಮಗುಚಿ ತೋರಿಸುತ್ತಿದ್ದ. "ನನ್ನನ್ನ ಒಪ್ಪೋ ಮುಂಚೆ ಅದೆಷ್ಟು ಮನೆಯಲ್ಲಿ ವಿಚಾರಿಸಿದ್ರೋ!" ಎಂದು ನಮ್ಮಕ್ಕ ಈಗಲೂ ಮೂಗು ಮುರಿಯುತ್ತಾಳೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಅವರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಅನುಮಾನದ ಸರ್’. ಅದೇ ವಿಭಾಗದಲ್ಲಿ ಕಿರಿಯ ಅಧ್ಯಾಪಕನಾದ ನಾನು ‘ಅನುಮಾನದ ಬಾಲ’.

ಎಲ್ಲಕ್ಕೂ ಮೂಲ ಅವರ ಪ್ರಾಯೋಗಿಕ ಪರೀಕ್ಷೆ. ಹಿತ್ತಾಳೆಯ ತುಂಡೊಂದನ್ನು ತೂಗಿ, ಅಳೆದು, ಅದರ ಸಾಂದ್ರತೆ ಹೇಳಬೇಕು, ಅಷ್ಟೇ. ಆದರೆ ಭಾವ ಮೊದಲೇ ಪ್ರಯೋಗಾಲಯಕ್ಕೆ ಹೋಗಿ ತಟ್ಟೆಯಡಿ ಚೂರು ಮೇಣ ಅಂಟಿಸುವರು, ಇಲ್ಲವೇ ತಿರುಪು ಸಡಿಲಿಸುವರು. ವರ್ಷಕ್ಕೊಂದು ಕಿತಾಪತಿ. ಅದನ್ನು ಹಿಡಿದವರು ಪಾಸು. ಹಿಡಿಯದವರು ಎಷ್ಟೇ ನೀಟಾಗಿ ಲೆಕ್ಕ ಮಾಡಿದರೂ ಗೋತಾ. ಬೇರೆ ಪಾಠ ಯಾರು ಬೇಕಾದರೂ ಮಾಡಲಿ, ಈ ಪರೀಕ್ಷೆಯೊಂದು ತನ್ನ ಕೈಯಲ್ಲಿರಲಿ ಎನ್ನುತ್ತಿದ್ದರು.

ಆಗ ಬಂತು ‘ಕಲಿಕಾ ಫಲ’ ಎಂಬ ಹೊಸ ನಿಯಮ. ಕೊನೆಗೆ ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದನ್ನು ಮೊದಲೇ ಬರೆದು, ಅವನಿಗೂ ತಿಳಿಸಿ, ಅದನ್ನೇ ಪರೀಕ್ಷಿಸಬೇಕು. ಅಳೆಯಲಾಗದ ಪರೀಕ್ಷೆ ರದ್ದು. ಇದನ್ನು ಜಾರಿಗೆ ತರಲು ಬಂದ ಸಂಯೋಜಕಿ ಭಾವನ ಹಳೆಯ ವಿದ್ಯಾರ್ಥಿನಿ, ಹಿಂದೊಮ್ಮೆ ಮೇಣಕ್ಕೆ ಸಿಕ್ಕಿ ಫೇಲಾದವಳು.

"ಸೇಡು ತೀರಿಸ್ಕೊಳ್ಳೋಕೇ ಬಂದಿದಾಳೆ ಕಣೋ," ಎಂದರು ಭಾವ. ಆ ಹೆಂಗಸಿನ ನಗು ನನಗೂ ಅಷ್ಟಾಗಿ ಹಿಡಿಸಲಿಲ್ಲ.

ಭಾವ ಬರೆದುಕೊಟ್ಟ ಕಲಿಕಾ ಫಲ ಒಂದೇ ಸಾಲು: ವಿದ್ಯಾರ್ಥಿಯು ಅನುಮಾನಿಸಬಲ್ಲನು.

"ಅನುಮಾನಾನ ಹೇಗೆ ಅಳೆಯೋದು ಸರ್?" ಎಂದಳು ಅವಳು. "ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಹೇಳಿ. ಇಲ್ಲಾಂದ್ರೆ ನಿಮ್ಮ ಪರೀಕ್ಷೆ ಉಳಿಸೋಕೆ ನನ್ನಿಂದಾಗಲ್ಲ." ಕೊನೆಗೆ ಅವಳೇ ಬರೆದಳು: ವಿದ್ಯಾರ್ಥಿಯು ತೂಗುವ ಮುನ್ನ ಖಾಲಿ ತಕ್ಕಡಿಯನ್ನು ಪರಿಶೀಲಿಸುವನು. ಅದನ್ನು ಗೋಡೆಗೂ ಅಂಟಿಸಿದರು.

ಪರೀಕ್ಷೆಯ ದಿನ ಅವಳೂ ಬಂದು ಮೂಲೆಯಲ್ಲಿ ಕುಳಿತಳು. ಬಂದವರೆಲ್ಲ ನೇರವಾಗಿ ತಕ್ಕಡಿಗೇ ಕೈ ಹಾಕಿದರು. ತಟ್ಟೆ ಮಗುಚಿದರು, ಅಡಿಯನ್ನು ಸವರಿದರು, ಅವಳತ್ತ ಒಮ್ಮೆ ನೋಡಿದರು. ಮೇಣ ಎಲ್ಲೂ ಇರಲಿಲ್ಲ. ಭಾವ ಆ ಸಲ ತಕ್ಕಡಿಯ ತಂಟೆಗೇ ಹೋಗಿರಲಿಲ್ಲ. ಅಳತೆಪಟ್ಟಿಗಳ ತುದಿಯನ್ನು ಉಗುರಿನ ದಪ್ಪದಷ್ಟು ಉಜ್ಜಿ ಸವೆಸಿದ್ದರು. ಅದನ್ನು ಯಾರೂ ತಿರುಗಿಸಿ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ಭಾವ ಉತ್ತರಗಳನ್ನು ನೋಡಿದರು. ಅವರ ಮುಖ ಕಪ್ಪಿಟ್ಟಿತು.

"ಅಳತೆಪಟ್ಟಿ ಅಷ್ಟೂ ತಪ್ಪು," ಎಂದರು. "ಉತ್ತರ ಅಷ್ಟೂ ಸರಿ. ಪುಸ್ತಕದಲ್ಲಿರೋ ಅಂಕಿಗೆ ತಕ್ಕ ಹಾಗೆ ಲೆಕ್ಕಾನೇ ತಿದ್ದಿದಾರೆ. ಇದನ್ನ ಯಾವ ಫಲಕ್ಕೆ ಸೇರಿಸ್ತೀಯಮ್ಮ?"

ಅವಳು ಪಟ್ಟಿಯ ತುದಿಯನ್ನು ಬೆರಳಲ್ಲಿ ಸವರಿ ನೋಡಿದಳು. ನನಗಂತೂ ಅವಳು ಈಗ ನಮ್ಮ ಕಡೆ ವಾಲಿದಳು ಎನ್ನಿಸಿತು.

"ಪಟ್ಟಿ ನೋಡ್ಬೇಕು ಅಂತ ನಾವು ಬರ್ದಿಲ್ವಲ್ಲ ಸರ್. ತಕ್ಕಡಿ ಎಲ್ಲರೂ ನೋಡಿದಾರೆ. ನೂರಕ್ಕೆ ನೂರು." ರುಜು ಹಾಕಿದಳು. ಬಾಗಿಲಲ್ಲಿ ನಿಂತು, "ಪರೀಕ್ಷೆ ಉಳೀತಲ್ಲ ಸರ್, ಅದೇ ದೊಡ್ಡದು," ಎಂದಳು. ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ನನಗೆ ಇನ್ನಷ್ಟು ಕಸಿವಿಸಿ ತಂದಿತು.

ಸಂಜೆ ಇಬ್ಬರೂ ಜೊತೆಯಲ್ಲೇ ಮನೆಯ ಕಡೆ ಹೊರಟೆವು. ಹಣ್ಣಿನ ಅಂಗಡಿಯ ಮುಂದೆ ಭಾವ ನಿಂತರು. ಅಂಗಡಿಯವನು ಅಭ್ಯಾಸಬಲದಿಂದ ತಟ್ಟೆ ಮಗುಚಹೊರಟ.

"ಬಿಡಪ್ಪ, ತೂಗಿ ಕೊಡು," ಎಂದು ಭಾವ ಬೀದಿಯ ಕಡೆ ಮುಖ ತಿರುಗಿಸಿದರು.

ಅಷ್ಟು ವರ್ಷ ಅವರನ್ನು ಆಡಿಕೊಂಡು ನಕ್ಕವನು ನಾನು. ಅಂಗಡಿಯವನು ಹಣ್ಣು ಸುರಿಯುವ ಮೊದಲು ಅವನ ಕೈ ಹಿಡಿದು ನಿಲ್ಲಿಸಿ, ಬಗ್ಗಿ, ತಟ್ಟೆಯಡಿ ಬೆರಳಾಡಿಸಿದೆ.