ಪಕ್ಕದ ಕೈಗವಸು

ಸತ್ತವರು ಬರುತ್ತಾರೆ ಎನ್ನುವವರನ್ನು ಕಂಡರೆ ನಾನು ನಗುತ್ತಿದ್ದೆ. ಬರುತ್ತಾರೆಂದು ಈಗಲೂ ಹೇಳಲಾರೆ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಮಾತ್ರ ಬರೆಯುತ್ತೇನೆ. ಅದಕ್ಕೂ ನನ್ನ ನೆನಪು ಏನೇನು ಸೇರಿಸಿದೆಯೋ ತಿಳಿಯದು.

ಪುಣೆಯ ಒಂದು ಪ್ರಯೋಗಾಲಯದಲ್ಲಿ ನಾವು ಪಾಲಿಮರ್ ಸೌರಕೋಶ ಮಾಡುತ್ತಿದ್ದೆವು. ಗಾಜಿನ ಬಿಲ್ಲೆಯ ಮೇಲೆ ಬಣ್ಣದಂತೆ ಬಳಿಯುವ ತೆಳುಪದರ. ಬೆಳಕು ಬಿದ್ದರೆ ವಿದ್ಯುತ್ತು. ಗಾಳಿ ತಾಗಿದರೆ ಅದು ಕೆಡುತ್ತದೆ. ಹಾಗಾಗಿ ಸಾರಜನಕ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ, ಅದಕ್ಕೇ ಜೋಡಿಸಿದ ಉದ್ದನೆಯ ರಬ್ಬರ್ ಗವಸುಗಳಲ್ಲಿ ಕೈ ತೂರಿಸಿ ಕೆಲಸ ಮಾಡಬೇಕು. ಒಳಗಿನ ಒತ್ತಡಕ್ಕೆ, ಕೈ ಇಲ್ಲದ ಗವಸುಗಳು ಉಬ್ಬಿ ಹೊರಗೆ ಚಾಚಿಕೊಂಡಿರುತ್ತವೆ.

ನನ್ನ ಬಲಕ್ಕಿದ್ದ ಜೋಡಿ ವಸುಧಕ್ಕನದು. ಧಾರವಾಡದವಳು, ಎಡಚಿ, ಸದಾಶಿವ ಪೇಠದಲ್ಲಿ ನಾವಿಬ್ಬರೂ ಒಂದೇ ಖೋಲಿಯಲ್ಲಿದ್ದೆವು. ನಾನು ಗಡಿಬಿಡಿ ಮಾಡಿದರೆ ಪೆಟ್ಟಿಗೆಯೊಳಗೇ ಎಡಗೈಯಿಂದ ನನ್ನ ಮಣಿಕಟ್ಟು ಒತ್ತಿ, “ಯಾಕ ಖೋಡಿ, ಬಸ್ ತಪ್ಪತದೇನು?” ಎನ್ನುತ್ತಿದ್ದಳು. ಶಿರೂರಿನ ಹತ್ತಿರ ಅಪಘಾತದಲ್ಲಿ ಹೋಗಿಬಿಟ್ಟಳು.

ಅವಳ ಕೋಶ ನಮ್ಮೆಲ್ಲರದಕ್ಕಿಂತ ಹೆಚ್ಚು ವಿದ್ಯುತ್ತು ಕೊಟ್ಟಿತ್ತು. ಅವಳು ಬರೆದಿಟ್ಟ ವಿಧಾನದಲ್ಲೇ ನಾನು ಮಾಡಿದ ಒಂದು ಕೋಶವೂ ಅಷ್ಟು ಕೊಡಲಿಲ್ಲ.

“ಈ ಸಲನೂ ಬರಲಿಲ್ಲಂದ್ರ ಆಕೀ ಫಲಿತಾಂಶ ನಮ್ಮ ಸಂಶೋಧನಾ ಪ್ರಬಂಧದಾಗಿಂದ ತೆಗೀಬೇಕಾಗ್ತದ ನೋಡವಾ,” ಎಂದರು ನಮ್ಮ ಮಾರ್ಗದರ್ಶಕರು.

“ಅಕ್ಕ ಸುಳ್ಳು ಬರದಾಳಂತೀರೇನ್ರಿ ಸರ್?”

“ನಾ ಅನ್ನೂದಿಲ್ಲ. ಓದಿದವರು ಅಂತಾರ.”

ಅವಳು ತಯಾರಿಸಿದ ಪಾಲಿಮರ್ ಒಂದೇ ಬಿಲ್ಲೆಗಾಗುವಷ್ಟು ಉಳಿದಿತ್ತು.

ಅಂದು ಮಧ್ಯಾಹ್ನ ಹಳದಿ ದೀಪದ ಆ ಕೋಣೆಯಲ್ಲಿ ನಾನೊಬ್ಬಳೇ. ಉಳಿದಿದ್ದ ಆ ಪಾಲಿಮರಿನ ಪದರ ಬಳಿದು, ಎಂದಿನಂತೆ ತಕ್ಷಣ ಬಿಸಿ ತಟ್ಟೆಯ ಮೇಲಿಡಲು ಬಿಲ್ಲೆ ಎತ್ತಿದೆ. ಪಕ್ಕದ ಎಡ ಗವಸು ಮೆಲ್ಲಗೆ ಒಳಗೆ ಹೋಯಿತು. ಬೆರಳುಗಳು ತುಂಬಿಕೊಂಡವು. ನನ್ನ ಮಣಿಕಟ್ಟಿನ ಮೇಲೆ ಭಾರ ಬಿತ್ತು. ಕೈ ಎಳೆದುಕೊಳ್ಳಲಾಗಲಿಲ್ಲ. ಬಿಲ್ಲೆಯ ಮೇಲಿನ ಒದ್ದೆ ಪದರ ತಾನಾಗಿ ಒಣಗುತ್ತ ಕಪ್ಪಗಾಗತೊಡಗಿತು. ಪೂರ್ತಿ ಒಣಗಿದ ಮೇಲೆ ಭಾರ ಇಳಿಯಿತು. ಗವಸು ಹೊರಬಂದು ಮೊದಲಿನಂತೆ ಖಾಲಿಯಾಗಿ ಚಾಚಿ ನಿಂತಿತು.

ಆ ಕೋಶ ಅಕ್ಕನದರಷ್ಟೇ ವಿದ್ಯುತ್ತು ಕೊಟ್ಟಿತು.

ಗವಸಿನ ಸಂಗತಿ ಹೇಳಿದಾಗ, ಒಳಗಿನ ಒತ್ತಡ ಇಳಿದಿರಬೇಕು ಎಂದರು ಸರ್. ಹಾಗಾಗಿದ್ದರೆ ಅವಳ ಎರಡೂ ಗವಸು ಒಳಗೆ ಹೋಗಬೇಕಿತ್ತು. ಒತ್ತಡದ ಮಾಪಕವೂ ಇಳಿದಿರಲಿಲ್ಲ. ಅದನ್ನು ಆಗಲೇ ನೋಡಿದೆನೋ ಆಮೇಲೆಯೋ, ಆಣೆ ಮಾಡಿ ಹೇಳಲಾರೆ. ಒಣಗುವವರೆಗೆ ಕಾಯಬೇಕೆಂದು ಅಕ್ಕ ಎಲ್ಲೂ ಬರೆದಿರಲಿಲ್ಲ. ಅವಳು ಹಾಗೆ ಕಾಯುವುದನ್ನು ಎಂದೋ ನೋಡಿ ಮರೆತಿದ್ದೆನೇ? ಇರಬಹುದು. ಆದರೆ ಆ ಭಾರ?

ಬಿಸಿಮಾಡುವ ಮುನ್ನ ಕಾಯಬೇಕೆಂಬುದು ನಿಮಗೆ ಹೇಗೆ ತಿಳಿಯಿತು ಎಂದು ಪ್ರಬಂಧದ ಪರಿಶೀಲಕರು ಕೇಳಿದರು. “ಆಕಸ್ಮಿಕವಾಗಿ” ಎಂದು ಬರೆದೆ. ಅಕ್ಕನ ಫಲಿತಾಂಶ ನಿಜವೆಂದು ಉಳಿಯಿತು. ನಾನು ಬರೆದದ್ದು ನಿಜವೋ ಸುಳ್ಳೋ, ನನಗೆ ಇಂದಿಗೂ ಗೊತ್ತಿಲ್ಲ.